ಆಯಿಲ್ ಯಾವಾಗ ಬದಲಿಸಬೇಕು ಅಂತ ಕೇಳಿದ್ದೇ ತಪ್ಪಾಯ್ತಾ?

ಹೊಸ ಕಾರು. 1,500 ಕಿಲೋಮೀಟರ್ ಓಡಿದೆ. ಮೊದಲ ಸಲ ಇಂಜಿನ್ ಆಯಿಲ್ ಯಾವಾಗ ಬದಲಿಸಬೇಕು? ಇಷ್ಟೇ ಕಣ್ರೀ ನಾನು ಕೇಳಿದ್ದು.

ಸರ್ವಿಸ್ ಅಡ್ವೈಸರ್ ಕಂಪ್ಯೂಟರ್‌ನಿಂದ ತಲೆ ಎತ್ತಲೂ ಇಲ್ಲ. "10,000 ಕಿಲೋಮೀಟರ್, ಇಲ್ಲಾಂದ್ರೆ ಒಂದು ವರ್ಷ ಸರ್. ಯಾವುದು ಮೊದಲೋ ಅದು." ಅದು ನನಗೂ ಗೊತ್ತು, ಮ್ಯಾನ್ಯುಯಲ್ ಓದಿದ್ದೇನೆ. ಅದರಲ್ಲೇ ಇನ್ನೊಂದು ಮಾತೂ ಇದೆ: ಗಾಡಿಗೆ ಕಷ್ಟದ ಓಡಾಟವಿದ್ದರೆ ಇನ್ನೂ ಬೇಗ ಬದಲಿಸಿ ಅಂತ. ಕಷ್ಟ ಅಂದರೆ ಮರುಭೂಮಿ ರೇಸ್ ಅಲ್ಲ. ದಿನಾ ಮೂರು ಕಿಲೋಮೀಟರ್ ಹೋಗಿ ಬರುವುದು, ಟ್ರಾಫಿಕ್‌ನಲ್ಲಿ ಇಂಜಿನ್ ಆಫ್ ಮಾಡದೆ ನಿಲ್ಲುವುದು, ಧೂಳು. ಅಂದರೆ ಥೇಟ್ ನನ್ನ ದಿನಚರಿ! ಇಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಪೆಟ್ರೋಲಿನ ಅಂಶ, ನೀರಿನ ಪಸೆ ಎಲ್ಲ ಆವಿಯಾಗದೆ ಆಯಿಲ್‌ನಲ್ಲೇ ಉಳಿಯುತ್ತದೆ. ಹೇಳಿದೆ. "ಏನೂ ಆಗಲ್ಲ ಸರ್."

ನೀವು ದಿನಾ ಎಷ್ಟು ದೂರ ಓಡಿಸುತ್ತೀರಿ ಅಂತ ಒಂದು ಮಾತು ಕೇಳಬಹುದಿತ್ತು, ಅಲ್ವಾ?

ಈಗಲೇ ಬದಲಿಸಬೇಕು ಅಂತ ನನಗೇನೂ ಹಠವಿರಲಿಲ್ಲ. ಕೇಳಿದ್ದಕ್ಕೆ ಕಾರಣವಿತ್ತು, ಅಷ್ಟೇ. ಹೊಸ ಇಂಜಿನ್‌ನಲ್ಲಿ ಪಿಸ್ಟನ್ ಸುತ್ತಲಿನ ಲೋಹದ ರಿಂಗ್‌ಗಳು ಸಿಲಿಂಡರ್ ಗೋಡೆಗೆ ಉಜ್ಜಿ ಹೊಂದಿಕೊಳ್ಳುವಾಗ ಲೋಹದ ಪುಡಿ ಉದುರುತ್ತದೆ. ದಪ್ಪದ್ದನ್ನು ಫಿಲ್ಟರ್ ಹಿಡಿಯುತ್ತದೆ, ತೀರಾ ಸಣ್ಣದು ಸುತ್ತುತ್ತಲೇ ಇರುತ್ತದೆ. ಈಗಿನ ಇಂಜಿನ್‌ಗಳ ಫಿನಿಶಿಂಗ್ ನಯ, ಹಿಂದಿನಷ್ಟು ಉದುರುವುದಿಲ್ಲ, ಒಪ್ಪಿದೆ. ಫ್ಯಾಕ್ಟರಿಯಲ್ಲಿ ಹಾಕಿದ ಆಯಿಲನ್ನು ಬೇಗ ತೆಗೆಯಬೇಡಿ ಅಂತ ಹೋಂಡಾದವರು ಹೇಳುತ್ತಾರೆ. ಬಿಎಂಡಬ್ಲ್ಯೂನ 'ಎಂ' ಅನ್ನುವ ಸ್ಪೋರ್ಟ್ಸ್ ಕಾರುಗಳಿಗೆ ಸುಮಾರು 2,000 ಕಿಲೋಮೀಟರ್‌ಗೇ ಆಯಿಲ್ ಬದಲಿಸಲೇಬೇಕು. ಅಂದರೆ ಇಂಜಿನ್ ನೋಡಿ, ಓಡಾಟ ನೋಡಿ ಹೇಳುವ ಮಾತು ಇದು. ನನ್ನ ಕಾರಿಗೆ ಯಾಕೆ ಬೇಡ, ಕಾರಣ ಹೇಳಿದ್ದರೆ ಸುಮ್ನೆ ಮನೆಗೆ ಹೋಗುತ್ತಿದ್ದೆ.

ಕಾರಣದ ಬದಲು ಬೆದರಿಕೆ. "ಈಗ ಬದಲಿಸಿದರೆ ವಾರಂಟಿ ಪ್ರಾಬ್ಲಂ ಆಗುತ್ತೆ." ಮ್ಯಾನ್ಯುಯಲ್ ಹೇಳಿದ ಗ್ರೇಡಿನ ಆಯಿಲನ್ನೇ, ನಿಮ್ಮ ಕೈಯಿಂದಲೇ ಹಾಕಿಸಿದರೆ ಯಾವ ವಾರಂಟಿ ಹೋಗುತ್ತೆ ಸ್ವಾಮಿ? ಅದಕ್ಕೆ ಮಾತಿಲ್ಲ.

ಆಮೇಲೆ ಎಸ್ಟಿಮೇಟ್ ಕೈಗೆ ಬಂತು. ನೋಡಿದರೆ "ಇಂಜಿನ್ ಫ್ಲಶ್" ಮುಂದೆ ಟಿಕ್! ಆಯಿಲ್ ಬದಲಿಸುವಷ್ಟು ಹಳತಾಗದ ಇಂಜಿನ್‌ಗೆ ಒಳಗೆ ತೊಳೆಯುವಷ್ಟು ಕೊಳೆ ಎಲ್ಲಿಂದ ಬಂತು? ಮ್ಯಾನ್ಯುಯಲ್‌ನಲ್ಲಿ ಅದರ ಹೆಸರೇ ಇಲ್ಲ. ಅದಕ್ಕೆ ಮಾತ್ರ ವಾರಂಟಿ ನೆನಪಾಗಲಿಲ್ಲ ನೋಡಿ.

ಜಗಳವಾಡಿ, ಫ್ಲಶ್ ಹೊಡೆದುಹಾಕಿಸಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿಕೊಂಡೇ ಬಂದೆ. ಕೆಲಸದ ಹುಡುಗ ಟ್ರೇ ಹೊರಗೆಳೆದು ಟಾರ್ಚ್ ಬಿಟ್ಟ. ಕಂದು ಎಣ್ಣೆಯ ಮೇಲೆ ಬೆಳ್ಳಿಯ ಹೊಳಪು, ಮೀನಿನ ಹೊಟ್ಟೆಯ ಹಾಗೆ. ಹೊಸ ಇಂಜಿನ್‌ನಲ್ಲಿ ಇದು ಮಾಮೂಲಿ, ಗಾಬರಿ ಬೇಡ ಅಂದ. ಇಡೀ ದಿನದಲ್ಲಿ ನನಗೆ ಸಿಕ್ಕ ನೇರ ಉತ್ತರ ಅದೊಂದೇ.

ಜಾಬ್ ಕಾರ್ಡ್‌ನಲ್ಲಿ ಏನು ಬರೆದಿದ್ದಾರೆ ಗೊತ್ತಾ? "ಗ್ರಾಹಕರ ಒತ್ತಾಯದ ಮೇಲೆ."