ಮಾಡರ್ನ್ ಕಂಟ್ರೋಲ್ ಚೀಟಿಂಗ್ ಅಲ್ಲ ಮಾರಾಯ್ರೆ

ಕಲಬುರಗಿಯ ಗೇಮಿಂಗ್ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಫೈಟಿಂಗ್ ಗೇಮ್‌ಗಳ ಬಗ್ಗೆ ಒಂದು ಮೆಸೇಜ್ ಓಡಾಡ್ತಿದೆ. 'ಸ್ಟ್ರೀಟ್ ಫೈಟರ್ 6ರಲ್ಲಿ ಮಾಡರ್ನ್ ಕಂಟ್ರೋಲ್ ಚೀಟಿಂಗ್, ಟೂರ್ನಮೆಂಟಲ್ಲಿ ಬ್ಯಾನ್. ಆರು ಬಟನ್ ಕಲಿತರೆ ಟೆಕ್ಕನ್ನೂ ಬಂದಂಗೆ.' ಎರಡೂ ತಪ್ಪು.

ಮಾಡರ್ನ್ ಅನ್ನೋದು ಕಡಿಮೆ ಬಟನ್‌ನಲ್ಲಿ ಆಡೋ ವಿಧಾನ, 2023ರಲ್ಲಿ ಸ್ಟ್ರೀಟ್ ಫೈಟರ್ 6 ಬಂದಾಗಲೇ ಅದನ್ನ ತಯಾರಿಸಿದ ಕ್ಯಾಪ್ಕಾಮ್ ಕಂಪನಿ ಇಟ್ಟ ಆಯ್ಕೆ, ಅವರದೇ ದೊಡ್ಡ ಪಂದ್ಯಗಳಲ್ಲೂ ಅದಕ್ಕೆ ಅವಕಾಶ ಇದೆ. ಹೌದು, ಸುಲಭ. ಆರು ಬಟನ್‌ನ ಹಳೇ ವಿಧಾನ ಕ್ಲಾಸಿಕ್‌ನಲ್ಲಿ ರ್ಯೂ ಅನ್ನೋ ಪಾತ್ರ ಹಡೋಕೆನ್ ಅನ್ನೋ ಸ್ಪೆಷಲ್ ಏಟು ಬಿಡಬೇಕಂದ್ರೆ ಕೆಳಗೆ, ಓರೆಯಾಗಿ ಮುಂದೆ, ಮುಂದೆ ಅಂತ ಬೆರಳು ಉರುಳಿಸಿ ಪಂಚ್ ಒತ್ತಬೇಕು, ಮಾಡರ್ನ್‌ನಲ್ಲಿ ಒಂದೇ ಬಟನ್ ಸಾಕು. ಆದರೆ ಪುಕ್ಕಟೆ ಏನಲ್ಲ. ಹಾಗೆ ಒಂದೇ ಬಟನ್‌ನಲ್ಲಿ ಬಿಟ್ಟ ಸ್ಪೆಷಲ್ ಏಟಿಗೆ ಡ್ಯಾಮೇಜ್ 20% ಕಡಿಮೆ. ಪೂರ್ತಿ ಡ್ಯಾಮೇಜ್ ಬೇಕಾ? ಮಾಡರ್ನ್‌ನಲ್ಲೂ ಬೆರಳು ಉರುಳಿಸಿಯೇ ಬಿಡಬಹುದು, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಮೇಲಾಗಿ ಪಂಚ್-ಕಿಕ್ ಸೇರಿ ಇರೋದು ಲೈಟ್, ಮೀಡಿಯಂ, ಹೆವಿ ಅಂತ ಮೂರೇ ಬಟನ್, ಹಾಗಾಗಿ ಕ್ಲಾಸಿಕ್‌ನ ಕೆಲವು ಮಾಮೂಲಿ ಏಟುಗಳು ಸಿಗೋದೇ ಇಲ್ಲ. ಸೋತವರು ಬೈಯೋದು ಬೇರೆ ವಿಷಯ ಬಿಡಿ.

ಇನ್ನು ಟೆಕ್ಕನ್, ಅದು ಬೇರೆಯದೇ ಫೈಟಿಂಗ್ ಗೇಮ್. ಅದರಲ್ಲಿ ಬಟನ್ ನಾಲ್ಕೇ: ಎಡಗೈ, ಬಲಗೈ, ಎಡಗಾಲು, ಬಲಗಾಲು. ಲೈಟ್, ಹೆವಿ ಅನ್ನೋ ಲೆಕ್ಕವೇ ಇಲ್ಲ, ಹಾಗಾಗಿ ಆರು ಬಟನ್ ಕಲಿತ ಮಾತ್ರಕ್ಕೆ ಇದು ಬರಲ್ಲ. ಮಾರ್ಟಲ್ ಕಾಂಬ್ಯಾಟ್ ಅನ್ನೋ ಇನ್ನೊಂದು ಫೈಟಿಂಗ್ ಗೇಮಲ್ಲಂತೂ ಏಟು ತಡೆಯೋಕೇ ಬೇರೆ ಬಟನ್, ಸ್ಟ್ರೀಟ್ ಫೈಟರ್ ಥರ ಹಿಂದಕ್ಕೆ ಒತ್ತಿಕೊಂಡು ನಿಂತರೆ ಸುಮ್ನೆ ಏಟು ತಿಂತೀರಿ.

ಸ್ಟ್ರೀಟ್ ಫೈಟರ್ 6ರ ಆನ್‌ಲೈನ್ ಮ್ಯಾಚ್‌ನಲ್ಲಿ ನಡೆಯದೇ ಇರೋದು ಡೈನಾಮಿಕ್ ಅನ್ನೋ ಮೂರನೇ ಕಂಟ್ರೋಲ್. ಅದರಲ್ಲಿ ಏಟನ್ನ ಗೇಮೇ ಆರಿಸುತ್ತೆ. ಬಹುಶಃ ಮಾಡರ್ನ್, ಡೈನಾಮಿಕ್ ಎರಡನ್ನೂ ಕಲಸಿ ಈ ಮೆಸೇಜ್ ಹುಟ್ಟಿದೆ.