ಪ್ಯೂಪಾ ನಾತಕ್ಕೆ ತೆಂಗಿನ ನಾರಿನ ಫಿಲ್ಟರ್: ಶಿಡ್ಲಘಟ್ಟಕ್ಕೆ ಒಗ್ಗೀತೆ?

ಪರ

ರೇಷ್ಮೆ ಗೂಡಿನಿಂದ ನೂಲು ಬಿಚ್ಚಿಕೊಂಡ ಮೇಲೆ ಉಳಿಯುವ ಬೆಂದ ಪ್ಯೂಪಾದಲ್ಲಿ (ಗೂಡಿನೊಳಗಿನ ಹುಳುವಿನಲ್ಲಿ) ಪ್ರೊಟೀನೂ ಇದೆ, ಕೊಬ್ಬೂ ಇದೆ. ಒದ್ದೆ ಗುಡ್ಡೆ ರಾತ್ರಿಯಿಡೀ ಬಿದ್ದಿದ್ದರೆ ಸಾಕು, ಕೊಳೆತು ಅಮೋನಿಯಾ, ಗಂಧಕದ ಅನಿಲಗಳು ಏಳುತ್ತವೆ. ರೇಷ್ಮೆಯ ಊರಾದ ಶಿಡ್ಲಘಟ್ಟದ ರೀಲಿಂಗ್ (ನೂಲು ಬಿಚ್ಚುವ) ಬೀದಿಗಳಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮದ್ದು ಪಕ್ಕದ ಜಿಲ್ಲೆಯಲ್ಲೇ ಇದೆ. ತಿಪಟೂರಿನ ತೆಂಗಿನ ನಾರು, ಪಾವಗಡದ ಕಡಲೆಕಾಯಿ ಸಿಪ್ಪೆ, ಒಂದಿಷ್ಟು ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ ತೊಟ್ಟಿಯಲ್ಲಿ ಸುಮಾರು 1 ಮೀಟರ್ ಎತ್ತರಕ್ಕೆ ತುಂಬಿ, ನೀರು ಚಿಮುಕಿಸಿ, ಪ್ಯೂಪಾ ಕೋಣೆಯ ಗಾಳಿಯನ್ನು ಫ್ಯಾನಿನಿಂದ ಅಡಿಯಿಂದ ನೂಕಬೇಕು. ನಾತದ ಅನಿಲ ನಾರಿನ ಮೇಲಿನ ತೇವದಲ್ಲಿ ಕರಗುತ್ತದೆ. ಅಲ್ಲಿ ಬೀಡುಬಿಟ್ಟ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟಾಗಿ, ಹೈಡ್ರೋಜನ್ ಸಲ್ಫೈಡನ್ನು ಸಲ್ಫೇಟಾಗಿ ಮಾರ್ಪಡಿಸುತ್ತವೆ. ಗಾಳಿ 30ರಿಂದ 60 ಸೆಕೆಂಡು ಒಳಗಿದ್ದರೆ ಸಾಮಾನ್ಯವಾಗಿ ಸಾಕು. ಸಿಪ್ಪೆ ಬೇಗ ಕೊಳೆಯುತ್ತದೆ. ಲಿಗ್ನಿನ್ ಎಂಬ ಗಟ್ಟಿ ಅಂಶ ಹೆಚ್ಚಿರುವ ನಾರು ತಾಳಿಕೊಳ್ಳುತ್ತದೆ. ಹಾಗಾಗಿ ನಾರೇ ಜಾಸ್ತಿ ಇರಲಿ. ಕೆಲವು ವರ್ಷ ದುಡಿದ ಮೇಲೆ ತೊಟ್ಟಿಯಲ್ಲಿ ತುಂಬಿದ ಈ ಹಾಸನ್ನು ಗೊಬ್ಬರವಾಗಿ ಹಿಪ್ಪುನೇರಳೆ ತೋಟಕ್ಕೆ ಹೊಡೆಯಬಹುದು.

ವಿರೋಧ

ತೊಟ್ಟಿ ಕೆಲಸ ಮಾಡುತ್ತದೆ, ಒಪ್ಪಿದೆವು. ಗಾಳಿಯನ್ನು ಅದರೊಳಕ್ಕೆ ತರುವುದು ಹೇಗೆ? ನಮ್ಮ ಶೆಡ್ಡುಗಳು ಸುತ್ತಲೂ ತೆರೆದೇ ಇರುತ್ತವೆ, ಹಬೆ ಹೋಗಲಿ ಅಂತಲೇ ಹಾಗೆ ಕಟ್ಟಿರುವುದು. ಮುಚ್ಚಿದರೆ ಬೇಸಿನ್ (ನೂಲು ಬಿಚ್ಚುವ ಬಿಸಿನೀರಿನ ಬಾನಿ) ಮುಂದೆ ಕೂತ ಹೆಂಗಸರ ಗತಿ? ಗೂಡು ಬೇಯಿಸುವ ಸೌದೆ ಒಲೆಯ ಹೊಗೆಯಂತೂ ಈ ಫಿಲ್ಟರಿನ ಕೈಲಾಗದ ಕೆಲಸ. ಬ್ಯಾಕ್ಟೀರಿಯಾ ಮಸಿ ತಿನ್ನುವುದಿಲ್ಲ, ಮಸಿ ನಾರಿನ ಸಂದಿಗಳಲ್ಲಿ ಕಟ್ಟಿಕೊಳ್ಳುತ್ತದೆ. ಎದೆಗೆ ಕೇಡು ಮಾಡುವುದು ನಾತಕ್ಕಿಂತ ಆ ಹೊಗೆಯೇ.

ಮೇಲಾಗಿ ಹಾಸಿನ ತೂಕದಲ್ಲಿ ಸುಮಾರು ಅರ್ಧ ನೀರೇ ಇರಬೇಕು. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟರೆ ಗಾಳಿ ಬಿರುಕಲ್ಲೇ ನುಸುಳಿ ಹೊರಟುಹೋಗುತ್ತದೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರಿನಿಂದ ಕೆರೆ ತುಂಬಿಸಿಕೊಳ್ಳುವ ಜಿಲ್ಲೆಯಲ್ಲಿ ಇದಕ್ಕೆ ದಿನಾ ನೀರು ಹಾಕುವವರು ಯಾರು? ಗಂಧಕದಿಂದ ಸಲ್ಫ್ಯೂರಿಕ್ ಆಮ್ಲ ಹುಟ್ಟಿ ಹಾಸು ಹುಳಿಯಾಗುತ್ತದೆ, ಸುಣ್ಣವನ್ನೂ ಹಾಕುತ್ತಿರಬೇಕು. ಇನ್ನು 'ತ್ಯಾಜ್ಯ' ಬಿಟ್ಟಿ ಸಿಗುತ್ತದೆ ಅನ್ನುವವರು ಒಮ್ಮೆ ಕೊಳ್ಳಲು ಹೋಗಿ ನೋಡಲಿ: ನಾರಿಗೆ ಹಗ್ಗ ಹೊಸೆಯುವವರಿದ್ದಾರೆ, ಸಿಪ್ಪೆಗೆ ಬಾಯ್ಲರ್ ಉರಿಸುವವರಿದ್ದಾರೆ.

ಪ್ಯೂಪಾವನ್ನು ಅಂದಂದೇ ಒಣಗಿಸಿ, ಎಣ್ಣೆ ತೆಗೆದು, ಕೋಳಿ-ಮೀನಿನ ಮೇವಿಗೆ ಕಳಿಸಿದರೆ ಮುಕ್ಕಾಲು ನಾತ ಹುಟ್ಟುವುದೇ ಇಲ್ಲ. ಫಿಲ್ಟರ್ ಹಾಕಲೇಬೇಕೆಂದಿದ್ದರೆ, ಪ್ಯೂಪಾ ಕೊಂಡು ರಾಶಿ ಹಾಕುವ ಗೋದಾಮಿಗೆ ಹಾಕಿಸಿ. ಅಲ್ಲಿ ಗೋಡೆ, ಬಾಗಿಲು, ನೀರು ಹಾಕಲು ಸಂಬಳದ ಆಳು ಎಲ್ಲವೂ ಇವೆ. ಎರಡು ಬೇಸಿನ್ ಇಟ್ಟುಕೊಂಡ ರೀಲರ್ ತಲೆಗೆ ಮಾತ್ರ ಕಟ್ಟಬೇಡಿ.