ಮುಂದಿನ ಸಾಲಿನವರ ಅಂಗೈಯಲ್ಲಿ ಕಂಡ ಗಾಯಕರು

ಎರಡು ಗಂಟೆಗೂ ಮೀರಿದ ಗಾನಸಭೆಯೊಂದಕ್ಕೆ ಕಳೆದ ವಾರ ಖುದ್ದಾಗಿ ಹಾಜರಾಗಿ, ಅದನ್ನು ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಪರಿಚಿತ ಮಹನೀಯರೊಬ್ಬರ ಮೊಬೈಲಿನಲ್ಲಿ ನೋಡಿ ಬಂದೆ. ವೇದಿಕೆಯ ಮೇಲೆ ಗಾಯಕರು ನನ್ನ ಕಿರುಬೆರಳಿನ ಉಗುರಿನಷ್ಟು ಕಾಣುತ್ತಿದ್ದರು. ವೇದಿಕೆಯ ಎರಡು ಬದಿಗೆ ನಿಲ್ಲಿಸಿದ್ದ ಪರದೆಗಳಲ್ಲಿ ಮೂರಾಳೆತ್ತರಕ್ಕೆ ಬೆಳೆದಿದ್ದರು. ಮಹನೀಯರು ಆ ಪರದೆಯನ್ನೇ ತಮ್ಮ ಮೊಬೈಲಿಗೆ ತುಂಬಿಕೊಳ್ಳುತ್ತಿದ್ದುದರಿಂದ ಅಲ್ಲಿ ಪುನಃ ಉಗುರಿನ ಗಾತ್ರಕ್ಕೆ ಇಳಿದಿದ್ದರು. ಮಹನೀಯರ ತೋಳಿನ ಬಲವನ್ನು ಮೆಚ್ಚಲೇಬೇಕು. ಮೊದಲ ಹಾಡಿಗೆ ಎತ್ತಿದ ಬಲಗೈ ಕೊನೆಯ ಹಾಡಿನ ತನಕ ಇಳಿಯಲಿಲ್ಲ. ಚಪ್ಪಾಳೆಯ ಹೊತ್ತು ಬಂದಾಗ ಬಿಡುವಾಗಿದ್ದ ಎಡಗೈಯಿಂದ ಅವರು ತಮ್ಮ ತೊಡೆಯನ್ನೇ ತಟ್ಟಿಕೊಂಡರು. ಗಾಯಕರನ್ನು ಕುಸ್ತಿಗೆ ಕರೆಯುತ್ತಿದ್ದಾರೇನೋ ಎಂದು ನನಗೆ ಒಂದು ಕ್ಷಣ ಗಾಬರಿಯಾಯಿತು.

ಕ್ಲಾಸಿಕಲ್ ಕ್ರಾಸ್‌ಓವರ್ ಎಂಬ ಈ ಸಂಗೀತ ಪ್ರಕಾರವನ್ನು ಓದುಗರಿಗೆ ಪರಿಚಯಿಸಬೇಕಾದ ಅಗತ್ಯವಿಲ್ಲ. ಒಪೆರಾ ಎಂಬ ಪಾಶ್ಚಾತ್ಯ ಗೀತನಾಟಕದ ನಾಲ್ಕು ಗಂಟೆಗಳಲ್ಲಿ ಮೂರೂವರೆ ಗಂಟೆಗಳಷ್ಟು ಕಥೆ, ಪಾತ್ರ, ಜಗಳ ಮತ್ತು ಸಾವುಗಳಿರುತ್ತವೆ. ಅವನ್ನೆಲ್ಲ ತೆಗೆದುಹಾಕಿ, ಉಳಿದ ಕೆನೆಗೆ ಡ್ರಮ್ಸ್ ಮತ್ತು ಹೊಗೆಯನ್ನು ಬೆರೆಸಿ ಬಡಿಸುವ ಪರೋಪಕಾರದ ಕಲೆ ಇದು. ಇದರ ದೊಡ್ಡ ಹಬ್ಬ ನಡೆದದ್ದು 1990ರ ಜುಲೈ 7ರಂದು, ರೋಮ್ ನಗರದ ಕಾರಕಾಲ್ಲಾ ಸ್ನಾನಗೃಹಗಳ ಅವಶೇಷಗಳ ನಡುವೆ. ಮರುದಿನ ವಿಶ್ವಕಪ್ ಫುಟ್ಬಾಲಿನ ಅಂತಿಮ ಪಂದ್ಯವಿತ್ತು. ಪವರೊಟ್ಟಿ, ಡೊಮಿಂಗೊ, ಕರೇರಾಸ್ ಎಂಬ ಮೂವರು ಟೆನರ್‌ಗಳು, ಅಂದರೆ ಎತ್ತರದ ದನಿಯ ಗಂಡು ಗಾಯಕರು, ಜುಬಿನ್ ಮೆಹ್ತಾ ಅವರ ನಿರ್ದೇಶನದಲ್ಲಿ ಹಾಡಿದರು. ಅದರ ಧ್ವನಿಮುದ್ರಿಕೆ ಶಾಸ್ತ್ರೀಯ ಸಂಗೀತದ ಮಾರಾಟದ ದಾಖಲೆಗಳನ್ನೆಲ್ಲ ಮುರಿಯಿತು. ಅಂದಿನಿಂದ ಎತ್ತರದ ಸ್ವರಕ್ಕೂ ಗೋಲಿಗೂ ವ್ಯತ್ಯಾಸ ಅಳಿಸಿಹೋಗಿದ್ದು, ಎರಡಕ್ಕೂ ಜನ ಒಂದೇ ಬಗೆಯಲ್ಲಿ ಎದ್ದು ಕೂಗುತ್ತಾರೆ.

ಆ ರಾತ್ರಿಯ ಮುಕುಟಮಣಿ ಇಟಲಿಯ ಸಂಗೀತಕಾರ ಪುಚ್ಚಿನಿಯ ‘ತುರಾಂದೊತ್’ ಒಪೆರಾದ ‘ನೆಸ್ಸುನ್ ದೋರ್ಮಾ’. ಈಗ ಅದಿಲ್ಲದೆ ಯಾವ ಕ್ರಾಸ್‌ಓವರ್ ಗಾಯಕರೂ ಸಭೆಯಿಂದ ಸುರಕ್ಷಿತವಾಗಿ ಹೊರಬರಲಾರರು. ಹಾಡಿನ ಮೊದಲ ಮಾತಿನ ಅರ್ಥ ‘ಯಾರೂ ನಿದ್ರಿಸಕೂಡದು’ ಎಂದು. ಅಪರಿಚಿತ ರಾಜಕುಮಾರನ ಹೆಸರು ಬೆಳಗಾಗುವುದರೊಳಗೆ ಪತ್ತೆಯಾಗಬೇಕು, ಅಲ್ಲಿಯವರೆಗೆ ನಗರದಲ್ಲಿ ಯಾರೂ ಕಣ್ಣು ಮುಚ್ಚಕೂಡದು, ಹೆಸರು ಸಿಗದಿದ್ದರೆ ತಲೆದಂಡ ಎಂಬುದು ರಾಜಕುಮಾರಿಯ ಆಜ್ಞೆ. ಈ ಮಹಾಶಯನು ತಾನು ಗೆದ್ದೇ ಗೆಲ್ಲುವೆನೆಂದು ಎದೆ ಸೆಟೆದು ಹಾಡುತ್ತಿರುವಾಗ, ದೂರದಿಂದ ಹೆಂಗಸರ ಮೇಳವೊಂದು, ಅವನ ಹೆಸರು ಯಾರಿಗೂ ತಿಳಿಯದು, ನಾವಿನ್ನು ಸಾಯಬೇಕಷ್ಟೆ ಎಂದು ಮೆಲ್ಲಗೆ ಗೋಳಾಡುತ್ತದೆ. ನಮ್ಮ ಅಭಿಮಾನಿಗಳು ಸರಿಯಾಗಿ ಆ ಗೋಳಿನ ಹೊತ್ತಿಗೆ ಪಕ್ಕದವರ ತೋಳು ಹಿಡಿದು, ಇನ್ನೇನು ಬಂತು, ಇನ್ನೇನು ಬಂತು ಎಂದು ಪಿಸುಗುಡುತ್ತಾರೆ. ಬರುವುದು ಕೊನೆಯ ಎತ್ತರದ ಸ್ವರ. ಊರಿಗೆ ಊರೇ ಗಲ್ಲಿಗೇರುವ ಸಂದರ್ಭ ಇಷ್ಟು ಉಲ್ಲಾಸದಿಂದ ಸ್ವಾಗತಗೊಳ್ಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೂಲ ಒಪೆರಾದಲ್ಲಿ ಈ ಹಾಡಿಗೆ ಪೂರ್ಣವಿರಾಮವೇ ಇಲ್ಲ. ಸಂಗೀತ ನಿಲ್ಲದೆ ಮುಂದಿನ ಪ್ರಸಂಗದೊಳಕ್ಕೆ ಹರಿದುಹೋಗುತ್ತದೆ. ಜನಕ್ಕೆ ಚಪ್ಪಾಳೆ ತಟ್ಟಲು ಜಾಗ ಬೇಕಲ್ಲ ಎಂದು ಸಭೆಯಲ್ಲಿ ಹಾಡುವಾಗ ಅದಕ್ಕೊಂದು ಗಟ್ಟಿಯಾದ ಬಾಲವನ್ನು ಅಂಟಿಸಿಕೊಳ್ಳುತ್ತಾರೆ.

ಚಪ್ಪಾಳೆಯ ಮಾತು ಬಂದುದರಿಂದ ಸ್ವಲ್ಪ ಹಿಂದಕ್ಕೆ, ರೋಮಿನ ಚಕ್ರವರ್ತಿ ನೀರೋನ ಕಾಲಕ್ಕೆ ಹೋಗಿ ಬರೋಣ. ಅವನೂ ಗಾಯಕನೇ. ಅವನು ಐದು ಸಾವಿರಕ್ಕೂ ಹೆಚ್ಚು ಗಟ್ಟಿಮುಟ್ಟಾದ ಯುವಕರನ್ನು ಆರಿಸಿ ಅವರಿಗೆ ಚಪ್ಪಾಳೆಯ ವಿದ್ಯೆಯನ್ನು ಕಲಿಸಿದನೆಂದು ರೋಮನ್ ಚರಿತ್ರೆಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಚಪ್ಪಾಳೆಯಲ್ಲಿ ಮೂರು ಬಗೆಗಳಿದ್ದು, ಅವುಗಳಿಗೆ ಜೇನುನೊಣ, ಹೆಂಚು ಮತ್ತು ಇಟ್ಟಿಗೆ ಎಂಬ ಹೆಸರುಗಳಿದ್ದವು. ಆ ತಂಡಗಳ ನಾಯಕರಿಗೆ ಭಾರಿ ಸಂಬಳವಿತ್ತು. ಚಕ್ರವರ್ತಿ ಹಾಡುತ್ತಿರುವಾಗ ಯಾರೂ ರಂಗಮಂದಿರದಿಂದ ಹೊರಗೆ ಹೋಗುವಂತಿರಲಿಲ್ಲ. ಕೆಲವು ಹೆಂಗಸರಿಗೆ ಅಲ್ಲಿಯೇ ಹೆರಿಗೆಯಾಯಿತಂತೆ, ಕೇಳಿ ಕೇಳಿ ಸಾಕಾದ ಕೆಲವರು ಸತ್ತಂತೆ ನಟಿಸಿ ಹೆಣವಾಗಿ ಹೊರಬಿದ್ದರಂತೆ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ ಒಪೆರಾದಲ್ಲಿ ಈ ವಿದ್ಯೆ ಒಂದು ಉದ್ಯೋಗವಾಗಿ ಬೆಳೆಯಿತು. ಕ್ಲಾಕ್ ಎಂಬ ಹೆಸರಿನ ಆ ಕೂಲಿ ಮೇಳಗಳಲ್ಲಿ ನಗುವವರು ಬೇರೆ, ಅಳುವವರು ಬೇರೆ, ಒನ್ಸ್ ಮೋರ್ ಎನ್ನುವವರೇ ಬೇರೆ ಇರುತ್ತಿದ್ದರು. ಯಾರಿಗೆ ಎಷ್ಟು ಚಪ್ಪಾಳೆ ಬೇಕೋ ಅಷ್ಟಕ್ಕೆ ಹಣ ಕೊಡಬೇಕಾಗಿತ್ತು. ಸಂಗೀತಕಾರ ಮಾಹ್ಲರ್ 1897ರಲ್ಲಿ ವಿಯೆನ್ನಾದ ಒಪೆರಾಕ್ಕೆ ಮುಖ್ಯಸ್ಥನಾಗಿ ಬಂದಾಗ ಈ ಕೂಲಿಯವರನ್ನು ಓಡಿಸಲು ಹೊರಟು ಸಾಕಷ್ಟು ವೈರ ಕಟ್ಟಿಕೊಂಡ.

ಪಾಪ, ಅವರೆಲ್ಲ ವ್ಯವಹಾರ ತಿಳಿಯದವರು. ಚಪ್ಪಾಳೆಗೆ ಗಾಯಕ ಹಣ ಕೊಡುತ್ತಿದ್ದ ಕಾಲ ಅದು. ಚಪ್ಪಾಳೆ ತಟ್ಟುವವನಿಂದಲೇ ಹಣ ವಸೂಲು ಮಾಡಬಹುದೆಂಬ ಸರಳ ಸತ್ಯ ನೀರೋನಿಗೆ ಹೊಳೆದಿದ್ದರೆ ಅವನ ಬೊಕ್ಕಸ ಬರಿದಾಗುತ್ತಿರಲಿಲ್ಲ. ಅದು ಹೊಳೆದದ್ದು ಅಮೆರಿಕದ ಸರ್ಕಸ್ ಬುದ್ಧಿಯ ಬಾರ್ನಮ್ ಎಂಬಾತನಿಗೆ. ಅವನು 1850ರಲ್ಲಿ ಸ್ವೀಡನ್ನಿನ ಗಾಯಕಿ ಜೆನ್ನಿ ಲಿಂಡ್ ಅವರನ್ನು ನ್ಯೂಯಾರ್ಕಿಗೆ ಕರೆತಂದು, ಟಿಕೆಟನ್ನು ಹರಾಜಿಗೆ ಹಾಕಿದ. ಮೊದಲ ಟಿಕೆಟನ್ನು 225 ಡಾಲರಿಗೆ ಕೂಗಿದವನು ಒಬ್ಬ ಹ್ಯಾಟು ವ್ಯಾಪಾರಿ. ಅವನಿಗೆ ಸಂಗೀತ ಎಷ್ಟು ದಕ್ಕಿತೋ ತಿಳಿಯದು, ಅವನ ಹ್ಯಾಟುಗಳಿಗಂತೂ ದೇಶದ ತುಂಬ ಹೆಸರು ಬಂತು. ಅದಕ್ಕೂ ಕೆಲವು ವರ್ಷಗಳ ಮೊದಲು ಪಿಯಾನೊ ವಾದಕ ಲಿಸ್ಟ್ ಸೇದಿ ಎಸೆದ ಚುಟ್ಟದ ತುಂಡನ್ನು ಮಹಿಳೆಯೊಬ್ಬರು ಪದಕದೊಳಗಿಟ್ಟು ಕೊರಳಲ್ಲಿ ಧರಿಸಿದರೆಂಬ ಕಥೆಯಿದೆ. 1844ರಲ್ಲಿ ಕವಿ ಹೈನೆ ಆ ರೋಗಕ್ಕೆ ಲಿಸ್ಟೊಮೇನಿಯಾ ಎಂಬ ಹೆಸರನ್ನೂ ಕೊಟ್ಟ. ಒಂದು ದೃಷ್ಟಿಯಿಂದ ಆ ಮಹಿಳೆಯೇ ಜಾಣೆ, ಏಕೆಂದರೆ ಆ ತುಂಡು ಆಕೆಗೆ ಬಿಟ್ಟಿಯಾಗಿ ಸಿಕ್ಕಿತ್ತು.

ಇಂದಿನ ಅಭಿಮಾನಿ ಮೊದಲು ಸಂಘದ ಸದಸ್ಯನಾಗಬೇಕು, ಸದಸ್ಯನಾದರೆ ಟಿಕೆಟನ್ನು ಉಳಿದವರಿಗಿಂತ ಮೊದಲೇ ಕೊಳ್ಳುವ ಪ್ರೀಸೇಲ್ ಕೋಡ್ ಎಂಬ ಮಂತ್ರಾಕ್ಷರ ಸಿಗುತ್ತದೆ, ಆ ಮಂತ್ರವನ್ನು ಜಪಿಸಿದರೆ ಕಾಣದ ಸಾಲಿನಲ್ಲಿ ನಿಲ್ಲುವ ಹಕ್ಕು ಸಿಗುತ್ತದೆ. ನಿಮ್ಮ ಮುಂದೆ ಇಪ್ಪತ್ತು ಸಾವಿರ ಜನರಿದ್ದಾರೆ, ದಯವಿಟ್ಟು ಪುಟವನ್ನು ಮುಚ್ಚಬೇಡಿ ಎಂದು ಪರದೆಯು ವಿನಯದಿಂದ ಹೇಳುತ್ತದೆ. ಮುಚ್ಚದೆ ಕಾಯುತ್ತಿದ್ದಂತೆ ಬೇಡಿಕೆಗೆ ತಕ್ಕಂತೆ ದರವೂ ಏರುತ್ತದೆ. ಅಂದರೆ ನೀವು ಕಾಯುತ್ತಿರುವಿರೆಂಬ ಕಾರಣಕ್ಕೇ ನೀವು ಕಾಯುತ್ತಿರುವ ವಸ್ತು ದುಬಾರಿಯಾಗುತ್ತದೆ. ಇದಕ್ಕೆ ಡೈನಾಮಿಕ್ ಪ್ರೈಸಿಂಗ್ ಎಂಬ ಚುರುಕಾದ ಹೆಸರಿದೆ. ನಮ್ಮ ಹಿರಿಯರು ಇದನ್ನು ಸುಲಿಗೆ ಎಂದು ಕರೆಯುತ್ತಿದ್ದರು, ನನಗೂ ಅದಕ್ಕಿಂತ ಒಳ್ಳೆಯ ಪದ ತೋಚುತ್ತಿಲ್ಲ. ಟಿಕೆಟುಗಳನ್ನು ಕ್ಷಣಾರ್ಧದಲ್ಲಿ ಬಾಚಿಕೊಳ್ಳುವ ಯಂತ್ರಗಳ ವಿರುದ್ಧ ಅಮೆರಿಕ 2016ರಲ್ಲಿ ಕಾನೂನನ್ನೇ ಮಾಡಿತು. ಕಾನೂನು ಇದೆ, ಯಂತ್ರಗಳೂ ಇವೆ, ಎರಡೂ ಪರಸ್ಪರ ಗೌರವದಿಂದ ಬಾಳುತ್ತಿವೆ. ಇನ್ನು ಮೇಲ್ದರ್ಜೆಯ ಪ್ಯಾಕೇಜು ಕೊಂಡವರಿಗೆ ಮೀಟ್ ಅಂಡ್ ಗ್ರೀಟ್ ಎಂಬ ದರ್ಶನಭಾಗ್ಯವಿದೆ. ಸಾಲಿನಲ್ಲಿ ಬಂದು, ಗಾಯಕರ ಪಕ್ಕದಲ್ಲಿ ನಿಂತು, ಮುಗುಳ್ನಕ್ಕು, ಹೊರಡಬೇಕು. ನನ್ನ ಪರಿಚಯದ ಅಭಿಮಾನಿಯೊಬ್ಬರು ಆ ನಾಲ್ಕು ಸೆಕೆಂಡುಗಳಲ್ಲಿ ಹೇಳಬೇಕೆಂದು ಒಂದು ತಿಂಗಳು ಇಟಾಲಿಯನ್ ಭಾಷೆ ಕಲಿತರು. ಕೊನೆಗೆ ಅವರ ಬಾಯಿಂದ ಹೊರಟದ್ದು ‘ಹಲೋ’ ಎಂಬ ಒಂದೇ ಮಾತು. ಈಗಲೂ ಅದನ್ನು ಹೇಳುವಾಗ ಅವರ ಕಣ್ಣು ತುಂಬುತ್ತದೆ, ಅವರ ಮೇಲೆ ನನಗೆ ನಗು ಬರುವುದಿಲ್ಲ. ವರ್ಷವಿಡೀ ಉಳಿಸಿದ ಹಣವನ್ನು ತಂದುಕೊಟ್ಟು, ಕಂಬದ ಹಿಂದಿನ ಕುರ್ಚಿಯಲ್ಲಿ ಕುಳಿತು, ಆದರೂ ಗಾಯಕರು ನಮ್ಮ ಕಡೆಗೇ ನೋಡಿದರು ಎಂದು ನಂಬುವ ಜನರ ಪ್ರೀತಿಗೆ ಮೀಟರ್ ಜೋಡಿಸಿದವರ ಮೇಲೆ ಬರುವುದು ಸಿಟ್ಟು, ಅದೂ ಈಗ ದಣಿದುಹೋಗಿದೆ.

ಅಭಿಮಾನಿಗಳಲ್ಲಿ ಪಂಗಡಗಳಿವೆ. ವಿರಾಮದ ವೇಳೆಯಲ್ಲಿ ನನ್ನ ಎಡಗಡೆಯವರು, ಗಂಡಸು ಹಾಡಿದರೆ ಬ್ರಾವೋ, ಹೆಂಗಸು ಹಾಡಿದರೆ ಬ್ರಾವಾ, ಹಲವರು ಹಾಡಿದರೆ ಬ್ರಾವಿ ಎನ್ನಬೇಕೆಂದು ಹಿಂದಿನ ಸಾಲಿನ ಹುಡುಗನಿಗೆ ಲಿಂಗವಚನಗಳ ಪಾಠ ಹೇಳಿದರು. ಹುಡುಗ ‘ವಾವ್’ ಎಂದು ಕೂಗಿದ್ದೇ ಅವನ ಅಪರಾಧ. ಬಲಗಡೆಯವರು ಇದು ತಮ್ಮ ಹದಿನಾಲ್ಕನೆಯ ಸಭೆಯೆಂದೂ, ಒಂಬತ್ತನೆಯದರಲ್ಲಿ ಗಾಯಕರಿಗೆ ನೆಗಡಿಯಿತ್ತೆಂದೂ, ಆ ನೆಗಡಿಯಲ್ಲಿ ಇದ್ದ ಮಾಧುರ್ಯ ಇಂದು ಇಲ್ಲವೆಂದೂ ಹೇಳಿದರು. ಇಬ್ಬರೂ ಒಂದು ವಿಷಯದಲ್ಲಿ ಮಾತ್ರ ಒಮ್ಮತದಿಂದಿದ್ದರು: ಇದು ಮೈಕಿನ ಗಾಯನವೆಂದು ಮೂಗು ಮುರಿಯುವ ಒಪೆರಾ ಪಂಡಿತರು ಹೊಟ್ಟೆಕಿಚ್ಚಿನವರು. ಪಂಡಿತರ ವಾದದಲ್ಲಿ ಹುರುಳಿಲ್ಲದಿಲ್ಲ. ವಾದ್ಯವೃಂದದ ಸದ್ದಿನ ಬಲವೆಲ್ಲ 500 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 500 ಕಂಪನಗಳ, ಆಸುಪಾಸಿನಲ್ಲಿರುತ್ತದೆ. ಒಪೆರಾ ಗಾಯಕರು ತರಬೇತಿಯಿಂದ ತಮ್ಮ ದನಿಯ ಕಸುವನ್ನು 3000 ಹರ್ಟ್ಸ್‌ನ ಸುತ್ತ ಒಟ್ಟುಗೂಡಿಸಿ, ಎಂಬತ್ತು ವಾದ್ಯಗಳ ಮೇಲೆಯೂ ಮೈಕಿಲ್ಲದೆ ಕೇಳಿಸುತ್ತಾರೆ. ಆದರೆ ಐಸ್ ಹಾಕಿ ಪಂದ್ಯಗಳು ನಡೆಯುವಂಥ ಕ್ರೀಡಾಂಗಣದೊಳಗೆ ಯಾರ 3000 ಹರ್ಟ್ಸ್ ತಾನೇ ಏನು ಮಾಡೀತು? ಅಲ್ಲಿ ಮೈಕು ಬೇಕೇ ಬೇಕು, ಮೈಕಿನ ಹಿಂದೆ ಯಂತ್ರದ ಮುಂದೆ ಕುಳಿತ ತಂತ್ರಜ್ಞನೂ ಬೇಕು. ಅವನಿಗೆ ಯಾರೂ ಬ್ರಾವೋ ಹೇಳಲಿಲ್ಲ.

ಎದ್ದು ನಿಂತು ಗೌರವಿಸುವ ವಿಚಾರದಲ್ಲಂತೂ ಈ ಸಭಿಕರ ಔದಾರ್ಯಕ್ಕೆ ಎಣೆಯಿಲ್ಲ. ಗಾಯಕರು ಬಂದಾಗ ಎದ್ದರು, ಹಾಡಿದಾಗ ಎದ್ದರು, ನೀರು ಕುಡಿದಾಗಲೂ ಒಂದಿಬ್ಬರು ಎದ್ದರು. ಮುಂದಿನವರು ಎದ್ದರೆ ಹಿಂದಿನವರಿಗೆ ಕಾಣದು, ಆದ್ದರಿಂದ ಅವರೂ ಏಳಬೇಕು. ಮೆಚ್ಚುಗೆಯ ಅಲೆಯೆಂದು ಪತ್ರಿಕೆಗಳು ಬಣ್ಣಿಸುವುದರಲ್ಲಿ ಹೆಚ್ಚಿನದು ಮುಂದಿನವರ ಬೆನ್ನಿನಿಂದ ತಪ್ಪಿಸಿಕೊಳ್ಳುವ ಪ್ರಯತ್ನ. ಒನ್ಸ್ ಮೋರ್ ಎಂಬುದೂ ಮೊದಲೇ ಅಚ್ಚಾದ ಪಟ್ಟಿಯಲ್ಲಿರುತ್ತದೆ. ಮಿಲಾನಿನ ಲಾ ಸ್ಕಾಲಾ ಒಪೆರಾ ಮಂದಿರದಲ್ಲಿ ಒನ್ಸ್ ಮೋರ್‌ಗೆ ದೀರ್ಘಕಾಲದ ನಿಷೇಧವಿದ್ದು, 2007ರಲ್ಲಿ ಗಾಯಕ ಹುವಾನ್ ದಿಯೇಗೊ ಫ್ಲೋರೆಸ್ ಅದನ್ನು ಮುರಿದಾಗ ಲೋಕವೆಲ್ಲ ಸುದ್ದಿಯಾಗಿತ್ತು. ಇಲ್ಲಿ ಗಾಯಕರು ವಿದಾಯ ಹೇಳಿ ಒಳಗೆ ಹೋದಾಗ ವಾದ್ಯವೃಂದದವರಲ್ಲಿ ಒಬ್ಬರೂ ಪಿಟೀಲನ್ನು ಪೆಟ್ಟಿಗೆಗೆ ಇಡಲಿಲ್ಲ. ಮುಂದಿನ ಹಾಡಿನ ಪುಟವನ್ನು ಶಾಂತವಾಗಿ ತಿರುವಿ ಕುಳಿತರು. ಅದು ಕಾಣುತ್ತಿದ್ದರೂ ಸಾವಿರಾರು ಜನ, ಕೂಗದಿದ್ದರೆ ಅವರು ಬರುವುದೇ ಇಲ್ಲವೇನೋ ಎಂಬಂತೆ ಗಂಟಲು ಹರಿಯುವ ಹಾಗೆ ಕೂಗಿದರು.

ಮೊಬೈಲಿನ ಪೀಡೆಯನ್ನು ತಡೆಯಲು ಕೆಲವು ಕಲಾವಿದರು ಪ್ರಯತ್ನಿಸಿದ್ದುಂಟು. ಪಿಯಾನೊ ವಾದಕ ಕ್ರಿಸ್ಟಿಯನ್ ಜಿಮರ್‌ಮನ್ 2013ರಲ್ಲಿ ಜರ್ಮನಿಯ ಎಸೆನ್ ನಗರದಲ್ಲಿ, ಸಭಿಕರೊಬ್ಬರು ಚಿತ್ರೀಕರಿಸುತ್ತಿದ್ದುದನ್ನು ಕಂಡು ವೇದಿಕೆಯಿಂದ ಎದ್ದುಹೋದರು. ಅದೇ ಕಾರಣಕ್ಕೆ ಪಿಟೀಲು ವಾದಕಿ ಅನ್ನ ಸೋಫಿ ಮುಟರ್ 2019ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಬೀಥೋವನ್ನನ ಪಿಟೀಲು ಕಾನ್ಸೆರ್ಟೊವನ್ನು ನಡುವೆಯೇ ನಿಲ್ಲಿಸಿದರು. ಕ್ರಾಸ್‌ಓವರ್ ಸಭೆಯಲ್ಲಿ ಇಂಥ ಅನಾಹುತ ನಡೆಯುವುದಿಲ್ಲ. ಅಲ್ಲಿ ಗಾಯಕರೇ ಮೊಬೈಲುಗಳನ್ನು ಮೇಲೆತ್ತಿ ದೀಪ ಬೆಳಗಿಸಿರೆಂದು ವಿನಂತಿಸುತ್ತಾರೆ. ವೆರೋನಾದ ರೋಮನ್ ಬಯಲು ರಂಗದಲ್ಲಿ ಜನ ಪುಟ್ಟ ಮೇಣದಬತ್ತಿಗಳನ್ನು ಹಚ್ಚುವ ಸಂಪ್ರದಾಯವಿದೆ. ಮೇಣದಬತ್ತಿಯ ಒಂದು ಗುಣವೆಂದರೆ ಅದು ಮನೆಗೆ ಹೋದ ಮೇಲೆ ಯಾರಿಗೂ ಯಾವ ವಿಡಿಯೊವನ್ನೂ ಕಳುಹಿಸುವುದಿಲ್ಲ.

ನಾನು ಸತ್ಯವನ್ನು ಮುಚ್ಚಿಡಬಾರದು. ಆ ಕೊನೆಯ ಎತ್ತರದ ಸ್ವರ ಬಂದಾಗ, ಮಹನೀಯರ ಮೊಬೈಲಿನಲ್ಲಿ ಬಾಯಿಯೊಂದು ತೆರೆದಾಗ, ನನ್ನ ಕಣ್ಣಲ್ಲೂ ನೀರು ಬಂತು. ಆ ಸಾಲಿನಲ್ಲಿ ನಿಜವಾಗಿ ಹಾಡು ಕೇಳುತ್ತಿದ್ದವರೆಂದರೆ ನನ್ನಿಂದ ಮೂರು ಕುರ್ಚಿಗಳಾಚೆಗೆ ಇದ್ದ ವೃದ್ಧೆಯೊಬ್ಬರೇ ಇರಬೇಕು. ಅವರು ಕೈಗಳನ್ನು ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ, ಅಲುಗದೆ ಕುಳಿತಿದ್ದರು. ‘ಯಾರೂ ನಿದ್ರಿಸಕೂಡದು’ ಎಂಬ ಹಾಡು ಅರ್ಧಕ್ಕೆ ಬಂದಿದ್ದಾಗ ಪಕ್ಕದ ಮಹಿಳೆ ಅವರ ಭುಜವನ್ನು ಅಲುಗಿಸಿ, ಇಷ್ಟು ಹಣ ಕೊಟ್ಟು ಬಂದು ನಿದ್ದೆ ಮಾಡುತ್ತೀರಲ್ಲ ಎಂದು ಎಬ್ಬಿಸಿದರು. ರಾಜಕುಮಾರಿಯ ಆಜ್ಞೆ ಇನ್ನೂ ಜಾರಿಯಲ್ಲಿದೆಯೆಂದು ನನಗೆ ತಿಳಿದದ್ದು ಆಗಲೇ.

ಕೊನೆಯ ಹಾಡು ಯಾವುದೆಂದು ನಿಮಗೆ ಗೊತ್ತು. ‘ಕೋನ್ ತೆ ಪಾರ್ತಿರೋ’, ಇಟಲಿಯ ಗಾಯಕ ಆಂಡ್ರಿಯಾ ಬೊಚೆಲ್ಲಿ 1995ರ ಸಾನ್‌ರೆಮೊ ಉತ್ಸವದಲ್ಲಿ ಹಾಡಿದ್ದು. ಮರುವರ್ಷ ಜರ್ಮನಿಯ ಮುಷ್ಟಿಯೋಧ ಹೆನ್ರಿ ಮಾಸ್ಕೆಯ ವಿದಾಯದ ಪಂದ್ಯಕ್ಕಾಗಿ ಇಂಗ್ಲಿಷ್ ಗಾಯಕಿ ಸಾರಾ ಬ್ರೈಟ್‌ಮನ್ ಜೊತೆ ಸೇರಿ, ‘ವಿದಾಯ ಹೇಳುವ ಸಮಯ’ ಎಂಬ ಅರ್ಥದ ಇಂಗ್ಲಿಷ್ ತಲೆಬರಹ ತೊಟ್ಟು, ಲೋಕ ಸುತ್ತಿದ್ದು. ಮಾಸ್ಕೆ ಆ ಪಂದ್ಯವನ್ನು ಸೋತ, ಹಾಡು ಗೆದ್ದಿತು. ಇಟಾಲಿಯನ್ ಮೂಲದಲ್ಲಿ ವಿದಾಯದ ಮಾತೇ ಇಲ್ಲದೆ, ‘ನಿನ್ನೊಡನೆ ನಾನೂ ಹೊರಡುವೆ’ ಎಂದಿದೆ. ಅದರ ಮೊದಲ ಸ್ವರ ಕೇಳಿದ ಕೂಡಲೇ ಮುಂದಿನ ಸಾಲಿನ ಮಹನೀಯರು, ಕೈಯನ್ನು ಇಳಿಸದೆಯೇ, ಚಿತ್ರೀಕರಣ ನಿಲ್ಲಿಸದೆಯೇ, ಬೆನ್ನು ಹಿಂದಾಗಿ ನಡೆದು ಬಾಗಿಲಿನ ಕಡೆಗೆ ಸರಿದರು. ವಾಹನಗಳ ನೂಕುನುಗ್ಗಲಿಗೆ ಮೊದಲೇ ಹೊರಬೀಳುವ ಉಪಾಯವದು. ಅವರ ಹಿಂದೆ ನೂರಾರು ಜನ ಎದ್ದರು, ಯಾರೂ ಸತ್ತಂತೆ ನಟಿಸಬೇಕಾಗಲಿಲ್ಲ.

ಹಾಡನ್ನು ಪೂರ್ತಿ ಕೇಳಿ ಹೊರಬಂದಾಗ ವಾಹನಗಳ ಅಂಗಳದಲ್ಲಿ ಒಂದು ಚಕ್ರವೂ ಉರುಳುತ್ತಿರಲಿಲ್ಲ. ಬೇಗ ಹೊರಟವರೂ ತಡವಾಗಿ ಹೊರಟವರೂ ಒಂದೇ ಗಂಟಿನಲ್ಲಿ ಸಿಕ್ಕಿಕೊಂಡಿದ್ದರು. ನನ್ನ ಕಾರಿನ ಮುಂದಿನ ಕಾರಿನಲ್ಲಿ ಅದೇ ಮಹನೀಯರು ಕುಳಿತಿದ್ದರು. ತೆರೆದ ಕಿಟಕಿಯಿಂದ ಅವರ ಮೊಬೈಲಿನ ಗಾಯನ ಕೇಳಿಸುತ್ತಿತ್ತು. ಸ್ವರ ಒಡೆದು ಗರಗರ ಎನ್ನುತ್ತಿತ್ತು, ನಡುನಡುವೆ ತೊಡೆ ತಟ್ಟಿದ ಸದ್ದು ಮಾತ್ರ ಬಹಳ ಸ್ಪಷ್ಟವಾಗಿತ್ತು. ನಿನ್ನೊಡನೆ ನಾನೂ ಹೊರಡುವೆ ಎಂದು ಗಾಯಕರು ಹಾಡುತ್ತಲೇ ಇದ್ದರು, ಐವತ್ತು ನಿಮಿಷಗಳ ತನಕ ನಾವ್ಯಾರೂ ಅಲ್ಲಿಂದ ಹೊರಡಲಿಲ್ಲ.